ಮಾತಾಡಿಸಲು ಬಂದವರು

ನಮ್ಮ ಕಡೆ ಸಾವಾದ ಮನೆಗೆ ಹೋಗುವುದಕ್ಕೆ ‘ಮಾತಾಡಿಸಿಕೊಂಡು ಬರೋದು’ ಅನ್ನುತ್ತಾರೆ. ಅವ್ವ ತೀರಿಕೊಂಡ ವಾರ ಗುಳೇದಗುಡ್ಡದ ನಮ್ಮ ಮನೆಗೆ ಹಾಗೆ ಬಂದವರು ಬಹಳ. ನಮ್ಮ ಚರ್ಚಿನ ಸಭೆಯವರೇ ಜಾಸ್ತಿ. ಒಬ್ಬರು “ದೇವರ ಚಿತ್ತ” ಅಂದರು. ಇನ್ನೊಬ್ಬರು “ದೇವರು ಪ್ರೀತಿ ಮಾಡೋರನ್ನೇ ಪರೀಕ್ಷೆ ಮಾಡ್ತಾನ” ಅಂದರು. ಮತ್ತೊಬ್ಬರು ಹೊರಗೆ ಕಟ್ಟೆ ಮೇಲೆ ಕೂತು “ಪ್ರಾರ್ಥನೆ ಕಡಿಮಿ ಆಗಿತ್ತೇನೋ” ಅಂದದ್ದು ಒಳಗಿದ್ದ ನನ್ನ ಕಿವಿಗೇ ಬಿತ್ತು.

ಎರಡು ವರ್ಷ, ವಾರಕ್ಕೆರಡು ಸಲ, ಡಯಾಲಿಸಿಸ್‌ಗೆ ಅವ್ವನನ್ನು ಬಾಗಲಕೋಟೆಗೆ ಕರೆದುಕೊಂಡು ಹೋಗಿದ್ದೇನೆ. ವಾಪಸ್ ಬರುವಾಗ ಬಸ್ಸಿನ ಕಿಟಕಿಗೆ ತಲೆ ಆನಿಸಿ ಅವಳು ಗುನುಗುತ್ತಿದ್ದದ್ದೇ ಕೀರ್ತನೆ. ಅವಳ ಪ್ರಾರ್ಥನೆ ಕಡಿಮೆ ಆಗಿತ್ತಂತೆ!

ಸಿಟ್ಟಿನಲ್ಲೇ ಬೈಬಲಿನ ಯೋಬನ ಪುಸ್ತಕ ತೆಗೆದೆ. ಮಕ್ಕಳು, ದನಕರು, ಆರೋಗ್ಯ ಎಲ್ಲ ಹೋಗಿ ಬೂದಿಯಲ್ಲಿ ಕೂತವನು ಯೋಬ. ಮೂವರು ಗೆಳೆಯರು ಬಂದು ಏಳು ಹಗಲು, ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಕೂತರು, ತುಟಿ ಬಿಚ್ಚದೆ. ಹಾಗೇ ಎದ್ದು ಹೋಗಿದ್ದರೆ ಎಷ್ಟು ಚೆನ್ನಾಗಿತ್ತು! ಬಾಯಿ ಬಿಟ್ಟರು ನೋಡಿ, ಕೆಟ್ಟಿತು. ನೀನು ಪಾಪ ಮಾಡಿದ್ದಿ, ಅದಕ್ಕೇ ಇದು ಅಂತ ಶುರು ಮಾಡಿದರು. ಯೋಬ ಬಿಡಲಿಲ್ಲ. ಹುಟ್ಟಿದ ದಿನವನ್ನೇ ಶಪಿಸಿದ, ದೇವರ ಮೇಲೇ ವ್ಯಾಜ್ಯ ಹೂಡಿದ. ಅವನಿಗೂ ಬಿರುಗಾಳಿಯೊಳಗಿಂದ ಗದರಿಕೆ ಬಿತ್ತು, ನಿಜ. ‘ಯಾಕೆ’ ಅನ್ನುವುದಕ್ಕೆ ಉತ್ತರವೂ ಸಿಗಲಿಲ್ಲ. ಆದರೆ 42ನೇ ಅಧ್ಯಾಯದಲ್ಲಿ ದೇವರಿಗೆ ಕೋಪ ಬರುವುದು ಆ ಗೆಳೆಯರ ಮೇಲೆ. ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಿದವನು ಯೋಬನೇ ಅನ್ನುತ್ತಾನೆ. ದೇವರ ಪರವಾಗಿ ವಕೀಲಿಕೆ ಮಾಡುವವರು ಇದನ್ನು ಓದಿಲ್ವಾ?

ಯೇಸುಸ್ವಾಮಿಯೂ ಬೇಥಾನ್ಯಕ್ಕೆ ಮಾತಾಡಿಸಲೆಂದೇ ಹೋದದ್ದು. ಅಲ್ಲಿ ಸತ್ತಿದ್ದ ಗೆಳೆಯ ಲಾಜರನನ್ನು ಮತ್ತೆ ಬದುಕಿಸಿ ಎಬ್ಬಿಸುತ್ತೇನೆಂದು ಆತನಿಗೆ ಗೊತ್ತಿತ್ತು. ಆದರೂ ಸಮಾಧಿಯ ದಾರಿಯಲ್ಲಿ ಅತ್ತ. “ಪುನರುತ್ಥಾನ ಐತಲ್ಲ, ಯಾಕ ಅಳ್ತಿ” ಅಂತ ನನಗೆ ಹೇಳಿದವರಿಗೆ ಇದನ್ನೇ ಕೇಳಬೇಕಿತ್ತು. ಆತನೇ ಅತ್ತಿರುವಾಗ ನಾನು ಯಾಕೆ ಅಳಬಾರದು? ಅವ್ವನನ್ನು ಮತ್ತೆ ನೋಡುತ್ತೇನೆ ಅನ್ನುವ ನಂಬಿಕೆ ನನಗಿದೆ. ಅದು ಇರುವುದರಿಂದಲೇ ಮನಸಾರೆ ಅಳಲು ಧೈರ್ಯ.

ಅವ್ವನ ಮುತ್ತಜ್ಜಿ 1876ರ ಬರದಲ್ಲಿ ತಬ್ಬಲಿಯಾದ ಹುಡುಗಿ ಅಂತ ನಮ್ಮ ಮನೆ ಮಾತು. ಧಾತು, ಈಶ್ವರ ಸಂವತ್ಸರಗಳ ಬರ. ಆಗ ನಮ್ಮದು ಕಲಾದಗಿ ಜಿಲ್ಲೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿಗಳಾದ ಬಾಸೆಲ್ ಮಿಷನ್‌ನವರು 1851ರಲ್ಲೇ ಈ ಊರಿಗೆ ಬಂದಿದ್ದರು. ಬರ ಯಾಕೆ ಬಂತು ಅಂತ ಆ ಮಗುವಿಗೆ ಯಾರೂ ಅರ್ಥ ಬಿಡಿಸಿ ಹೇಳಿರಲಿಕ್ಕಿಲ್ಲ. ಗಂಜಿ ಕೊಟ್ಟರಂತೆ. ನಮ್ಮ ಮನೆಯ ವಿಶ್ವಾಸ ಶುರುವಾದದ್ದು ಆ ಗಂಜಿಯಿಂದ. (ಗಂಜಿಗೆ ಕ್ರೈಸ್ತರಾದವರು ಅಂತ ಹಂಗಿಸುವವರಿದ್ದಾರೆ. ಹಂಗಿಸಲಿ. ಕುಡಿದದ್ದಕ್ಕೆ ನನಗೇನೂ ನಾಚಿಕೆಯಿಲ್ಲ.)

ಆ ವಾರ ಬಂದವರಲ್ಲಿ ನನಗೆ ನೆನಪಿರುವುದು ಪಕ್ಕದ ಮನೆಯಾಕೆ. ಖಣ ನೇಯುವವಳು, ನಮ್ಮ ಸಭೆಯವಳಲ್ಲ. ಮಗ್ಗ ನಿಲ್ಲಿಸಿ ಬಂದು ಬಾಗಿಲ ಹತ್ತಿರ ಗೋಡೆಗೆ ಒರಗಿ ಕೂತಳು. ಸಂಜೆಯವರೆಗೆ ಒಂದು ಮಾತಿಲ್ಲ. ಆಮೇಲೆ ಎದ್ದು ನಮ್ಮದೇ ಒಲೆ ಹಚ್ಚಿ ನಾಲ್ಕು ರೊಟ್ಟಿ ಬಡಿದಿಟ್ಟು ಹೋದಳು.

ಈಸ್ಟರ್ ದಿನ ಬೆಳಗಿನ ಜಾವ ನಾವು ಮೇಣದಬತ್ತಿ ಹಿಡಿದು ಸಮಾಧಿಗಳ ಹತ್ತಿರ ಹೋಗುತ್ತೇವೆ. ಅವ್ವನದು ಇನ್ನೂ ಬರೀ ಮಣ್ಣು, ಕಲ್ಲು ಹಾಕಿಸಿಲ್ಲ. ನಿನ್ನೆ ಪಕ್ಕದ ಮನೆಯಾಕೆಗೆ ಹೇಳಿದೆ. “ನಾನೂ ಬರ್ತೀನಿ, ಎಬ್ಬಸು” ಅಂದಳು.