ಎಲ್‌ಕೆಜಿ ಮಗುವಿಗೆ ನಾಲ್ಕು ಗೆರೆ ಪುಸ್ತಕ ಯಾಕೆ?

ಜರ್ಮನಿಯ ಕಿಂಡರ್‌ಗಾರ್ಟನ್‌ಗಳಲ್ಲಿ ಅಕ್ಷರ ತಿದ್ದಿಸುವುದಿಲ್ಲ. ಓದು-ಬರಹವೆಲ್ಲ ಸುಮಾರು ಆರು ವರ್ಷಕ್ಕೆ, ಒಂದನೇ ತರಗತಿಯಲ್ಲಿ. ಊರಲ್ಲಿ ಇದನ್ನು ಹೇಳಿದರೆ ‘ಹಾಗಾದ್ರೆ ಅಲ್ಲೀವರೆಗೆ ಏನು ಕಲಿಸ್ತಾರೆ?’ ಅನ್ನುತ್ತಾರೆ. ಕೈಗೆ ಕಲಿಸುತ್ತಾರೆ: ಕತ್ತರಿ, ಜೇಡಿಮಣ್ಣು, ಮಣಿ ಪೋಣಿಸುವುದು, ಹತ್ತುವುದು, ಜೋತಾಡುವುದು.

ಮೂರು ವರ್ಷದ ಮಗು ವೃತ್ತ ನೋಡಿ ಬರೆಯಬಲ್ಲದು. ಕೂಡಿಸುವ ಚಿಹ್ನೆ ನಾಲ್ಕರ ಹೊತ್ತಿಗೆ, ಚೌಕ ಅದಾದ ಸ್ವಲ್ಪ ಸಮಯಕ್ಕೆ, ತ್ರಿಕೋನ ಐದರ ಸುಮಾರಿಗೆ. ಓರೆ ಗೆರೆ ಕೈಗೆ ಹತ್ತುವುದೇ ಕೊನೆಗೆ. ನಮ್ಮ ಎಷ್ಟೋ ಎಲ್‌ಕೆಜಿಗಳು ಮೂರೂವರೆಗೇ ದೊಡ್ಡ ಎ, ಕೆ, ಎಕ್ಸ್ ಬರೆಸುತ್ತವೆ. ಮೂರು ಅಕ್ಷರದಲ್ಲೂ ಓರೆ ಗೆರೆ! ಮಗು ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದು, ಇಡೀ ತೋಳು ಆಡಿಸಿ, ಹಾಳೆ ಹರಿಯುವಷ್ಟು ಒತ್ತುತ್ತದೆ. ಟೀಚರ್ ಕೈ ಹಿಡಿದು ತಿದ್ದಿಸುತ್ತಾರೆ. ಪುಟವೇನೋ ತುಂಬುತ್ತದೆ, ರೂಢಿಯಾದ ತಪ್ಪು ಹಿಡಿತವನ್ನು ಆಮೇಲೆ ಬಿಡಿಸುವುದು ಕಷ್ಟ.

ಇದಕ್ಕೆ ಖರ್ಚಿನ ಉಪಾಯ ಬೇಕಿಲ್ಲ. ಎರಡು-ಮೂರು ಸೆಂ.ಮೀ. ಉದ್ದದ ಮುರಿದ ಕ್ರೇಯಾನ್ ಕೊಡಿ, ಮುಷ್ಟಿಗೆ ಸಿಗದೆ ಬೆರಳ ತುದಿಗೇ ಬರುತ್ತದೆ. ಹಾಳೆಯನ್ನು ಮಗುವಿನ ಕಣ್ಣಿನ ಎತ್ತರಕ್ಕೆ ಗೋಡೆಗೆ ಅಂಟಿಸಿ. ಮಣಿಕಟ್ಟು ತಾನಾಗಿ ಹಿಂದಕ್ಕೆ ಬಾಗುತ್ತದೆ, ಬರೆಯುವಾಗ ಬೇಕಾದದ್ದೂ ಅದೇ. ನಮ್ಮದೇ ಸರ್ಕಾರಿ ಶಾಲೆಗಳ ನಲಿ-ಕಲಿಯಲ್ಲಿ ಅ, ಆ, ಇ, ಈ ಬಿಟ್ಟು ರ, ಗ, ಸ, ದ, ಅ ಎಂದು ಶುರು ಮಾಡುವವರಿಗೆ, ಕೈಗೆ ಸುಲಭವಾದದ್ದು ಮೊದಲು ಎಂಬ ಈ ತರ್ಕ ಹೊಸದೇನಲ್ಲ.

ಇನ್ನು ಮೊದಲ ವಾರದ ಅಳು. ಹೊಸ ಮಗುವನ್ನು ಮೆಲ್ಲಗೆ ಹೊಂದಿಸಲು ಜರ್ಮನಿಯಲ್ಲಿ ಬಹಳ ಕಡೆ ಬಳಸುವ ಬರ್ಲಿನ್ ಮಾದರಿಯಲ್ಲಿ ಮೊದಲ ಮೂರು ದಿನ ಅಪ್ಪ ಅಥವಾ ಅಮ್ಮ ಸುಮಾರು ಒಂದು ಗಂಟೆ ಮಗುವಿನ ಜೊತೆಗೇ ಕೂರುತ್ತಾರೆ. ನಾಲ್ಕನೇ ದಿನ ಮೊದಲ ಸಲ ಮಗುವನ್ನು ಬಿಟ್ಟು ಹೊರಗೆ ಹೋಗುತ್ತಾರೆ, ಹೆಚ್ಚೆಂದರೆ ಅರ್ಧ ಗಂಟೆ. ಅದು ಸೋಮವಾರ ಬಿದ್ದರೆ ಮರುದಿನಕ್ಕೆ ಹಾಕುತ್ತಾರೆ. ಟೀಚರ್ ಎತ್ತಿಕೊಂಡರೂ ಅಳು ನಿಲ್ಲದಿದ್ದರೆ ಕೂಡಲೇ ವಾಪಸ್ ಬರಬೇಕು. ನಮ್ಮಲ್ಲಿ ಗೇಟಿನಿಂದಲೇ ಎತ್ತಿಕೊಂಡು ಹೋಗಿ, ‘ಎರಡು ದಿನ ಅತ್ತು ಸುಮ್ಮನಾಗುತ್ತೆ ಬಿಡಿ’ ಅನ್ನುತ್ತಾರೆ. ಮಗು ಹೊಂದಿಕೊಂಡಿತೋ, ಅತ್ತು ಅತ್ತು ಸೋತಿತೋ, ನೋಡುವವರಿಲ್ಲ.

ಜರ್ಮನಿಯಲ್ಲಿ ಎಲ್ಲ ಸರಿಯಿದೆ ಅಂತಲ್ಲ. 2013ರ ಆಗಸ್ಟ್‌ನಿಂದ ವರ್ಷ ತುಂಬಿದ ಮಗುವಿಗೆ ಸೀಟು ಕಾನೂನಿನ ಹಕ್ಕು. ಆದರೂ ಸಿಬ್ಬಂದಿ ಸಾಲದೆ ಅರ್ಧ ದಿನಕ್ಕೇ ಮಕ್ಕಳನ್ನು ಕರೆದೊಯ್ಯಿ ಅನ್ನುವುದುಂಟು. ಹಾಡು, ಕಥೆ, ಅಭಿನಯ ಎಂದರೆ ನಮ್ಮ ಒಳ್ಳೆಯ ಅಂಗನವಾಡಿ ಟೀಚರ್‌ಗೇ ನನ್ನ ಓಟು.

ನಲವತ್ತು ಮಕ್ಕಳಿಗೆ ಒಬ್ಬ ಟೀಚರ್ ಇರುವ ಕಡೆ ಬರ್ಲಿನ್ ಮಾದರಿ ಇಡಿಯಾಗಿ ನಡೆಯದು. ಎಲ್ಲರನ್ನೂ ಜೂನ್ ಮೊದಲ ದಿನವೇ ತುಂಬಿಕೊಳ್ಳದೆ, ವಾರಕ್ಕೆ ಎಂಟು-ಹತ್ತು ಮಕ್ಕಳಂತೆ, ಮೊದಮೊದಲು ಒಂದೇ ಗಂಟೆಗೆ ಸೇರಿಸಿಕೊಳ್ಳುವುದಕ್ಕಂತೂ ಅಡ್ಡಿಯಿಲ್ಲ.