ಬಾಡಿಗೆ ಮನೆಯವರ ಬಾಲ್ಕನಿಗೂ ಬಿಸಿಲು ಬೀಳುತ್ತದೆ

ಜರ್ಮನಿಯಲ್ಲಿರುವ ತಮ್ಮನದು ಬಾಡಿಗೆ ಫ್ಲ್ಯಾಟ್. ಹೋದ ಬೇಸಿಗೆಯಲ್ಲಿ ಅಲ್ಲಿಗೆ ಹೋದಾಗ ನೋಡಿದೆ, ಬಾಲ್ಕನಿ ಕಂಬಿಗೆ ಎರಡು ಸೋಲಾರ್ ಪ್ಯಾನೆಲ್ ಕಟ್ಟಿದ್ದಾನೆ. ಅವುಗಳ ಹಿಂದೆ, ಪ್ಯಾನೆಲ್‌ನ ಕರೆಂಟನ್ನು ಮನೆಗೆ ಬೇಕಾದ ಕರೆಂಟಾಗಿ ಬದಲಿಸುವ, ಊಟದ ಡಬ್ಬಿಯಷ್ಟು ಇನ್ವರ್ಟರ್. ಅದರ ವೈರು ನೇರ ಗೋಡೆಯ ಪ್ಲಗ್ಗಿಗೆ. ಅಷ್ಟೇ! ಹಗಲಲ್ಲಿ ಫ್ರಿಜ್ಜು, ವೈಫೈ ಎಲ್ಲಾ ಅದರಲ್ಲೇ ನಡೆಯುತ್ತದೆ.

"800 ವ್ಯಾಟ್‌ವರೆಗೆ ಕರೆಂಟ್ ಕಂಪನಿಯ ಅಪ್ಪಣೆ ಬೇಡ ಅಕ್ಕಾ, ಆನ್‌ಲೈನ್‌ನಲ್ಲಿ ನೋಂದಾಯಿಸಿದರೆ ಸಾಕು" ಅಂದ. 2024ರ ಅಕ್ಟೋಬರ್‌ನಿಂದ ಮನೆ ಮಾಲೀಕರೂ ಸರಿಯಾದ ಕಾರಣ ಕೊಡದೆ ಬೇಡ ಅನ್ನುವಂತಿಲ್ಲವಂತೆ.

ಅಮೆರಿಕದ ಯೂಟಾ ರಾಜ್ಯವೂ 2025ರ ಮಾರ್ಚ್‌ನಲ್ಲಿ ಇಂಥದ್ದೇ ಕಾನೂನು ಮಾಡಿತು. ಅಲ್ಲಿ ಮಿತಿ 1,200 ವ್ಯಾಟ್. ಕಂಪನಿಗೆ ಅರ್ಜಿಯಿಲ್ಲ, ಶುಲ್ಕವಿಲ್ಲ. ಹೆಚ್ಚಾದ ಕರೆಂಟ್ ಲೈನಿಗೆ ಹೋದರೆ ಅದಕ್ಕೆ ದುಡ್ಡೂ ಇಲ್ಲ. ನನಗೆ ಇದು ನ್ಯಾಯ ಅನ್ನಿಸುತ್ತದೆ.

ಆದರೆ ಒಂದು ವಿಷಯದಲ್ಲಿ ಆ ಕಾನೂನು ಸಡಿಲ ಬಿಟ್ಟಿಲ್ಲ. ಕರೆಂಟ್ ಹೋದ ತಕ್ಷಣ ಈ ಉಪಕರಣ ತಾನಾಗೇ ನಿಲ್ಲಬೇಕು. ಯಾಕೆ ಅಂದರೆ, ಲೈನ್ ಆಫ್ ಆಗಿದೆ ಅಂತ ಲೈನ್‌ಮ್ಯಾನ್ ಕಂಬ ಹತ್ತಿರುತ್ತಾರೆ. ಆಗ ನಮ್ಮ ಬಾಲ್ಕನಿಯಿಂದ ಕರೆಂಟ್ ವಾಪಸ್ ಹರಿದರೆ ಅವರ ಪ್ರಾಣಕ್ಕೇ ಕುತ್ತು. ಹೋದ ಮಳೆಗಾಲ ನಮ್ಮ ಬೀದಿಯ ಲೈನ್‌ಮ್ಯಾನ್ ರಾತ್ರಿ ಹತ್ತಕ್ಕೆ, ಸುರಿವ ಮಳೆಯಲ್ಲಿ, ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಕಂಬದ ಮೇಲಿದ್ದದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಹಾಗಾಗಿ ಪರೀಕ್ಷೆಯಾಗದ ಅಗ್ಗದ ಮಾಲು ಮಾರುಕಟ್ಟೆಗೆ ಬರಲೇಬಾರದು. ಇದನ್ನು ಯುಪಿಎಸ್ ಅಂದುಕೊಳ್ಳುವವರೂ ಇದ್ದಾರೆ. ಅಲ್ಲ, ಪವರ್ ಕಟ್ ಆದಾಗ ಇದೂ ಆಫ್.

ಈಗ ನಮ್ಮ ಕಡೆ ನೋಡಿ. ಚಾವಣಿ ಮೇಲೆ ಸೋಲಾರ್ ಹಾಕಿಸುವ ಕೇಂದ್ರ ಸರ್ಕಾರದ ಯೋಜನೆ ಪಿಎಂ ಸೂರ್ಯ ಘರ್‌ನಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಇದೆ. ಒಳ್ಳೆಯದೇ. ಆದರೆ ಸ್ವಂತ ಚಾವಣಿ ಇದ್ದವರಿಗೆ ತಾನೇ? ನಮ್ಮ ಬಿಲ್ಡಿಂಗಿನ ಟೆರೇಸ್ ಕೀ ಇರುವುದು ಓನರ್ ಹತ್ತಿರ. ಬೆಂಗಳೂರಲ್ಲಿ ನನ್ನ ಹಾಗೆ ಬಾಡಿಗೆಗಿರುವವರು ಎಷ್ಟು ಜನ ಅಲ್ವಾ?

ಹಳೇ ಮನೆಗಳ ವೈರಿಂಗ್ ತಡೆಯುತ್ತಾ ಅಂತ ಕೇಳುವವರಿದ್ದಾರೆ. ಸರಿಯಾದ ಪ್ರಶ್ನೆ. ಅದಕ್ಕೇ ನಿಯಮ ಬೇಕು ಅನ್ನುವುದು. ನಮ್ಮಲ್ಲಿ ಎಷ್ಟು ವ್ಯಾಟ್ ಸುರಕ್ಷಿತ, ಯಾವ ಪ್ಲಗ್ ಹಾಕಬೇಕು, ಯಾವ ಪರೀಕ್ಷೆ ಪಾಸಾಗಿರಬೇಕು, ಎಲ್ಲಾ ಬರೆದಿಡಲಿ. ಬಿಗಿ ಇರಬೇಕಾದ್ದು ಉಪಕರಣ ಮಾಡುವವರ ಮೇಲೆ. ಮನೆಯವರನ್ನು ಎರಡು ಪ್ಯಾನೆಲ್‌ಗಾಗಿ ಕಚೇರಿಯಿಂದ ಕಚೇರಿಗೆ ಸುಮ್ನೆ ಅಲೆಸಬಾರದು.

ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ (ಕೆಇಆರ್‌ಸಿ) ಇದರ ಬಗ್ಗೆ ಒಂದು ಕರಡು ನಿಯಮ ತರಲಿ, ಜನರನ್ನು ಕರೆದು ಕೇಳಲಿ. ಆ ದಿನ ರಜೆ ಹಾಕಿ ಹೋಗಿ ನಾನು ಮಾತಾಡುತ್ತೇನೆ.