ಕ್ವಿನೊವಾ ಮತ್ತು ಆಂಡಿಸ್ ರೈತರ ಹಸಿವು: ಸತ್ಯಾಂಶ

ಕ್ವಿನೊವಾ ಎಂಬ ಕಾಳನ್ನು ಹೊರದೇಶದವರು ಕೊಂಡರೆ ಬೆಲೆ ಏರಿ, ಅದನ್ನು ಬೆಳೆಯುವ ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಸಾಲಿನ ರೈತರೇ ಹಸಿದಿರಬೇಕಾಗುತ್ತದೆ ಎಂಬ ಮೆಸೇಜ್ ಮತ್ತೆ ಮತ್ತೆ ಬರುತ್ತಿದೆ. ಕಳಿಸುವವರ ಕಾಳಜಿ ನಿಜವಾದದ್ದೇ. ಆದರೆ ವಿಷಯ ಸರಿಯಲ್ಲ.

ಬೊಲಿವಿಯಾದ ದಕ್ಷಿಣ ಪ್ರಸ್ಥಭೂಮಿ ಸುಮಾರು 3,600 ಮೀಟರ್ ಎತ್ತರದಲ್ಲಿದೆ. ಆ ಚಳಿ, ಆ ಒಣನೆಲದಲ್ಲಿ ಬೇರೆ ಬೆಳೆ ಬರುವುದೇ ಕಷ್ಟ. 1980ರ ದಶಕದಲ್ಲೇ ಅಲ್ಲಿನ ರೈತರು ಸಹಕಾರ ಸಂಘ ಕಟ್ಟಿಕೊಂಡು, ಕಾಳಿನ ಕಹಿ ತೆಗೆದು, ಒಟ್ಟಾಗಿ ಮಾರತೊಡಗಿದರು. ಬೆಲೆ ಏರಿದಾಗ ಬೆಳೆದವರ ಕೈಗೆ ಜಾಸ್ತಿ ದುಡ್ಡು ಬಂತು. ಪೆರುವಿನ ಮನೆಖರ್ಚಿನ ಸಮೀಕ್ಷೆಗಳಲ್ಲೂ ಆಗ ಬದುಕು ಸುಧಾರಿಸಿದ್ದೇ ಕಾಣುತ್ತದೆ. ನಿಜವಾದ ಪೆಟ್ಟು ಬಿದ್ದದ್ದು 2015ರ ಹೊತ್ತಿಗೆ, ಬೆಲೆ ಕುಸಿದಾಗ.

ಇಂಥ ಮೆಸೇಜ್ ಬಂದರೆ ಅದನ್ನು ಬರೆದ ವರ್ಷ ನೋಡಿ. ಆಮೇಲೆ ಬೆಲೆ ಏನಾಯಿತು ಎಂದು ಹುಡುಕಿ. ಅದರಲ್ಲಿ ಹೇಳಿರುವ ಕುಟುಂಬ ಕಾಳು ಮಾರುವುದೋ, ಕೊಳ್ಳುವುದೋ? ಅದನ್ನೂ ಕೇಳಬೇಕು, ಅಲ್ವಾ?